ಕಡಲ ದಡದಲ್ಲಿ ಗುಡುಗುಮೋಡ ನೋಡುವುದು ಹೇಗೆ? ಬೆನ್ನು ಹತ್ತಬೇಕಾ, ಕಾಯಬೇಕಾ?

ಮರಳುದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಗುಡುಗು ಮಿಂಚು ಅಂದ್ರೆ ನನಗೆ ಚಿಕ್ಕಂದಿನಿಂದಲೂ ಹುಚ್ಚು. ಬಯಲು ಪ್ರದೇಶದಲ್ಲಿ ಕಾರು ಹತ್ತಿ ಮೋಡದ ಬೆನ್ನು ಬೀಳುವವರ ವಿಡಿಯೊಗಳನ್ನು ತುಂಬಾ ನೋಡಿದ್ದೇನೆ. ಈಗ ಕಡಲ ಪಕ್ಕ ಬಂದು ನೆಲೆಸಿದ್ದೇನೆ. ಅದೇ ಥರ ಇಲ್ಲೂ ಮಾಡೋಣ ಅಂತ ಹೊರಟರೆ ಲೆಕ್ಕವೇ ಬೇರೆ ಅನ್ನಿಸುತ್ತಿದೆ.

ಮಧ್ಯಾಹ್ನ ದಡದಲ್ಲಿ ನಿಂತರೆ ತಲೆ ಮೇಲೆ ನೀಲಿ ಆಕಾಶ. ಬೆನ್ನ ಹಿಂದೆ, ನೆಲದ ಕಡೆ ಮಾತ್ರ ದೊಡ್ಡ ದೊಡ್ಡ ಮೋಡ, ಗುಡುಗು. ಅದೇ ಬೆಳಗಿನ ಜಾವ ಎದ್ದು ನೋಡಿದರೆ ಕಡಲ ಮೇಲೆ ಎಡೆಬಿಡದೆ ಮಿಂಚು, ಆದರೆ ಸದ್ದೇ ಇಲ್ಲ. ಆ ಮೋಡ ಎಷ್ಟು ದೂರ ಇರುತ್ತದೆ? ನನ್ನ ಕಡೆಗೇ ಬರುತ್ತಿದೆ ಅಂತ ತಿಳಿಯುವುದು ಹೇಗೆ? ಮಿಂಚಿನ ಫೋಟೊ ತೆಗೆಯುವ ಆಸೆಯೂ ಇದೆ. ಟ್ರೈಪಾಡ್ ಇದೆ, ಕ್ಯಾಮೆರಾ ಇದೆ. ಕಾರಿನೊಳಗೆ ಕೂತಿದ್ದರೆ ಸಾಕಾ, ಅಪಾಯ ಇಲ್ವಾ? ಅನುಭವ ಇರುವವರು ದಯವಿಟ್ಟು ಹೇಳಿ.

ದಿಗಂತ15 ಉತ್ತರ:

ಒಳ್ಳೆಯ ಪ್ರಶ್ನೆ. ನಾನು ವರ್ಷಗಳಿಂದ ದಡದಲ್ಲಿ ನಿಂತೇ ಮೋಡ ನೋಡಿಕೊಂಡು ಬಂದವನು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ಮೊದಲು ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕಡಲ ದಡದಲ್ಲಿ ಮೋಡದ ಬೆನ್ನು ಹತ್ತಬೇಡಿ. ಬಯಲಿನಲ್ಲಿ ನಾಲ್ಕೂ ದಿಕ್ಕಿಗೆ ರಸ್ತೆ ಇರುತ್ತದೆ, ಮೋಡ ತಿರುಗಿದರೆ ನೀವೂ ತಿರುಗಬಹುದು. ಇಲ್ಲಿ ನಿಮ್ಮ ಅರ್ಧ ಸುತ್ತು ನೀರು. ಉಳಿದ ಅರ್ಧದಲ್ಲಿ ದೊಡ್ಡ ರಸ್ತೆ ಸಾಮಾನ್ಯವಾಗಿ ದಡದ ಗುಂಟ ಓಡುತ್ತದೆ, ಮೋಡದ ಸಾಲೂ ಹೆಚ್ಚಾಗಿ ದಡದ ಗುಂಟವೇ ಏಳುತ್ತದೆ. ಅದರ ಜೊತೆ ಓಡಿದರೆ ಗಂಟೆಗಟ್ಟಲೆ ಮಳೆಯ ಅಡಿಯಲ್ಲೇ ಸಿಕ್ಕಿಬೀಳುತ್ತೀರಿ, ಏನೂ ಕಾಣುವುದಿಲ್ಲ. ಒಳ್ಳೆಯ ಒಂದು ಜಾಗ ಆರಿಸಿ, ಸರಿಯಾದ ಹೊತ್ತಿಗೆ ಹೋಗಿ ಕಾಯಿರಿ. ಕರಾವಳಿಯ ಗುಡುಗುಮೋಡ ತುಂಬಾ ಮಟ್ಟಿಗೆ ಗಡಿಯಾರ ನೋಡಿಕೊಂಡೇ ಬರುತ್ತದೆ.

ಯಾಕೆ ಅಂದ್ರೆ ಗಾಳಿ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಬಿಸಿಗಾಳಿ ಏಳುತ್ತದೆ, ಆ ಜಾಗಕ್ಕೆ ಕಡಲ ತಂಪುಗಾಳಿ ನುಗ್ಗುತ್ತದೆ. ನುಗ್ಗುವ ಗಾಳಿಯ ಮುಂದಿನ ಅಂಚು ಬಿಸಿಗಾಳಿಯ ಅಡಿಗೆ ತೂರಿ ಅದನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ಮೋಡ ಹುಟ್ಟುವುದು ಆ ಅಂಚಿನಲ್ಲಿ. ಅಂಚಿನ ಹಿಂದೆ, ಅಂದ್ರೆ ನೀವು ನಿಂತಿರುವ ಮರಳಿನ ಮೇಲೆ, ಗಾಳಿ ತಂಪು ಮತ್ತು ಭಾರ. ಅಲ್ಲಿ ಮೋಡ ಏಳುವುದಿಲ್ಲ. ನಿಮ್ಮ ನೀಲಿ ಆಕಾಶಕ್ಕೆ ಕಾರಣ ಇದೇ. ಹೊತ್ತು ಏರಿದಂತೆ ಆ ಅಂಚು ಒಳನಾಡಿಗೆ ಸರಿಯುತ್ತಾ ಹೋಗುತ್ತದೆ, ಮೋಡಗಳೂ ಅದರ ಜೊತೆ. ಮಧ್ಯಾಹ್ನದ ಮೋಡ ಬೇಕು ಅಂದ್ರೆ ಕಡಲಿಗೆ ಬೆನ್ನು ಮಾಡಿ ನಿಲ್ಲಬೇಕು.

ದಡದ ಆಕಾರವೂ ಮುಖ್ಯ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನೆಲ ಕಡಲೊಳಗೆ ಚಾಚಿಕೊಂಡಿದ್ದರೆ ಎರಡೂ ಬದಿಯಿಂದ ಬಂದ ಕಡಲಗಾಳಿ ನಡುವೆ ಡಿಕ್ಕಿ ಹೊಡೆಯುತ್ತದೆ, ಅಲ್ಲಿ ಮೋಡ ಜೋರಾಗಿ ಏಳುತ್ತದೆ. ಅಮೆರಿಕದ ಫ್ಲಾರಿಡಾ ಇದಕ್ಕೆ ಹೆಸರುವಾಸಿ. ಗುಡುಗುಮೋಡದ ಹುಟ್ಟು, ಬೆಳವಣಿಗೆ, ಸಾವು ಹೇಗೆ ಅಂತ ವಿಮಾನ ಹಾರಿಸಿ ಅಳೆದ ಮೊದಲ ದೊಡ್ಡ ಅಧ್ಯಯನ 1946ರಲ್ಲಿ ಶುರುವಾಗಿದ್ದೂ ಅಲ್ಲೇ. ಬೈಯರ್ಸ್ ಮತ್ತು ಬ್ರಹಾಂ ಎಂಬ ವಿಜ್ಞಾನಿಗಳು ಮೋಡದ ಬದುಕನ್ನು ಮೂರು ಹಂತ ಮಾಡಿ ತೋರಿಸಿದರು: ಗಾಳಿ ಬರೀ ಮೇಲೇರುವ ಹಂತ, ಏರುಗಾಳಿ ಇಳಿಗಾಳಿ ಎರಡೂ ಇರುವ ಹಂತ, ಇಳಿಗಾಳಿ ಮಾತ್ರ ಉಳಿಯುವ ಹಂತ. ಇಂದಿಗೂ ನಾವು ಮೋಡ ನೋಡುವಾಗ ಇದನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ದ್ವೀಪ ಆದರೆ ಸುತ್ತಲಿಂದಲೂ ಗಾಳಿ ಬಂದು ನಡುವೆ ಸೇರುತ್ತದೆ. ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಉತ್ತರಕ್ಕೆ ತಿವಿ ದ್ವೀಪಗಳಿವೆ. ಅಲ್ಲಿ ಗುಡುಗಿನ ಋತುವಿನಲ್ಲಿ ಹೆಚ್ಚುಕಡಿಮೆ ಪ್ರತಿ ಮಧ್ಯಾಹ್ನ ಒಂದೇ ಜಾಗದಲ್ಲಿ ಏಳುವ ಮೋಡಕ್ಕೆ ಎರಡನೇ ಮಹಾಯುದ್ಧದ ಕಾಲದ ಪೈಲಟ್‌ಗಳು ಹೆಕ್ಟರ್ ಅಂತ ಹೆಸರಿಟ್ಟರು. ದೂರದಿಂದ ನೋಡಿ ದಾರಿ ಗುರುತಿಸುವಷ್ಟು ನಂಬಿಕೆ ಅದರ ಮೇಲೆ!

ರಾತ್ರಿ ಎಲ್ಲ ತಿರುವುಮುರುವು. ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ನೆಲದಿಂದ ಕಡಲಿಗೆ ಹೊರಡುತ್ತದೆ, ಬೆಚ್ಚಗಿನ ನೀರಿನ ಮೇಲಿನ ಗಾಳಿಯನ್ನು ಎತ್ತುತ್ತದೆ. ಬೆಳಗಿನ ಜಾವದ ನಿಮ್ಮ ಮಿಂಚು ಅದು. ಒಳಬಾಗಿದ ದಡ, ಅಂದ್ರೆ ಕೊಲ್ಲಿ, ರಾತ್ರಿಗೆ ಒಳ್ಳೆಯದು. ಸುತ್ತಲಿನ ನೆಲಗಾಳಿ ನೀರಿನ ಮೇಲೆ ಬಂದು ಸೇರುತ್ತದೆ. ವೆನೆಜುವೆಲಾದ ಮರಕೈಬೊ ಸರೋವರದ ಮೇಲೆ ರಾತ್ರಿ ಮಿಂಚು ಅಷ್ಟೊಂದು ಬರುವುದಕ್ಕೂ ಇಂಥದ್ದೇ ಕಾರಣ, ಜೊತೆಗೆ ಸುತ್ತ ಬೆಟ್ಟಗಳಿವೆ. ವರ್ಷಕ್ಕೆ ಒಂದೊಂದು ಚದರ ಕಿಲೋಮೀಟರಿಗೆ ಸುಮಾರು 233 ಮಿಂಚು, ಭೂಮಿ ಮೇಲೆ ಇನ್ನೆಲ್ಲೂ ಇಲ್ಲದಷ್ಟು.

ಈಗ ದೂರದ ವಿಷಯ. ಕಡಲ ದಡದವರಿಗೆ ಸಿಕ್ಕಿರುವ ದೊಡ್ಡ ಭಾಗ್ಯ ಇದು. ಮರ ಇಲ್ಲ, ಕಟ್ಟಡ ಇಲ್ಲ, ಗುಡ್ಡ ಇಲ್ಲ. ಎದುರಿಗೆ ಗೆರೆ ಎಳೆದಂಥ ದಿಗಂತ. ಆ ಗೆರೆಯೇ ನಿಮ್ಮ ಅಳತೆಪಟ್ಟಿ.

ದೊಡ್ಡ ಗುಡುಗುಮೋಡದ ತುದಿ 15 ಕಿಮೀ ಎತ್ತರ ಅಂತ ಇಟ್ಟುಕೊಳ್ಳಿ. ಭೂಮಿ ದುಂಡಗಿರುವ ಲೆಕ್ಕ ಹಾಕಿದರೆ, ಗಾಳಿ ತಿಳಿಯಾಗಿದ್ದಾಗ ಆ ತುದಿ 400 ಕಿಮೀ ಆಚೆಯಿಂದಲೂ ದಿಗಂತದ ಮೇಲೆ ಇಣುಕಬೇಕು. ಆದರೆ ಅದರ ತಳ ಕಾಣುವುದಿಲ್ಲ, ನೀರಿನ ಗೆರೆಯ ಕೆಳಗೆ ಮುಳುಗಿರುತ್ತದೆ. ತಳ ಒಂದು ಕಿಲೋಮೀಟರ್ ಎತ್ತರದಲ್ಲಿದ್ದರೆ ಸುಮಾರು 115 ಕಿಮೀ ಒಳಗೆ ಬಂದ ಮೇಲಷ್ಟೇ ಅದು ಕಾಣಿಸುತ್ತದೆ. ಹಾಗಾಗಿ ನಾನು ಮೊದಲು ಬೈನಾಕ್ಯುಲರ್ ಹಿಡಿದು ನೋಡುವುದು ತಳವನ್ನು. ಕಪ್ಪು, ಚಪ್ಪಟೆ ತಳವೂ ಅದರ ಕೆಳಗೆ ಒಂದು ಬೆಳಕಿನ ಸಂದೂ ಕಂಡರೆ ಮೋಡ ಸುಮಾರು ನೂರು ಕಿಲೋಮೀಟರ್ ಒಳಗೆ ಇದೆ. ಮೇಲಿನ ಹೂಕೋಸಿನಂಥ ತಲೆ ಮಾತ್ರ ಕಂಡರೆ ಅದು ಇನ್ನೂ ದೂರ, ನೀವು ಆರಾಮಾಗಿ ಕೂರಬಹುದು.

ಮುಂದೆ ಮುಷ್ಟಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹತ್ತಿರ ಹತ್ತಿರ 10 ಡಿಗ್ರಿ. 15 ಕಿಮೀ ಎತ್ತರದ ಮೋಡ ದಿಗಂತದಿಂದ ಒಂದು ಮುಷ್ಟಿ ಎತ್ತರ ಕಂಡರೆ ಸುಮಾರು 80 ಕಿಮೀ ದೂರ. ಎರಡು ಮುಷ್ಟಿ ಆದರೆ 40 ಕಿಮೀ. ಮೋಡ ಚಿಕ್ಕದಾಗಿದ್ದರೆ ಇನ್ನೂ ಹತ್ತಿರ ಇರುತ್ತದೆ, ಅದನ್ನು ಮರೆಯಬೇಡಿ. ಜೊತೆಗೆ ಫೋನಿನ ಕಂಪಾಸ್‌ನಲ್ಲಿ ದಿಕ್ಕು ನೋಡಿ ಬರೆದುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ದಿಕ್ಕು ಬದಲಾಗುತ್ತಿದ್ದರೆ ಮೋಡ ಪಕ್ಕಕ್ಕೆ ಸಾಗುತ್ತಿದೆ. ದಿಕ್ಕು ಹಾಗೇ ಇದ್ದು ಎತ್ತರ ಮಾತ್ರ ಬೆಳೆಯುತ್ತಿದ್ದರೆ ಅದು ನೇರ ನಿಮ್ಮ ಕಡೆಗೇ ಬರುತ್ತಿರಬಹುದು. ಅಥವಾ ನಿಂತಲ್ಲೇ ಬೆಳೆಯುತ್ತಿರಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವುದು ತಳವೇ. ಬರುತ್ತಿರುವ ಮೋಡದ ತಳ ದಿಗಂತದಿಂದ ಮೇಲೇಳುತ್ತದೆ, ನಿಂತ ಮೋಡದ ತಳ ಏಳುವುದಿಲ್ಲ.

ಸದ್ದಿಲ್ಲದ ಮಿಂಚಿನ ಬಗ್ಗೆ ಕೇಳಿದ್ದೀರಿ. ಗುಡುಗು ಸಾಮಾನ್ಯವಾಗಿ 15 ಕಿಮೀ ಆಚೆಗೆ ಕೇಳಿಸುವುದು ಕಷ್ಟ. ರಾತ್ರಿ ಮಿಂಚಿನ ಬೆಳಕು ನೂರು ಕಿಮೀ ದಾಟಿಯೂ ಕಾಣುತ್ತದೆ. ಸೆಖೆಗೆ ಸುಮ್ನೆ ಮಿಂಚುತ್ತದೆ ಅನ್ನುತ್ತಾರಲ್ಲ, ಅದೂ ದೂರದ ಗುಡುಗುಮೋಡವೇ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡಾಗ ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ, ಮೂರರಿಂದ ಭಾಗಿಸಿ. ದಡದಲ್ಲಿ ಅಲೆಯ ಸದ್ದು ದೂರದ ಗುಡುಗನ್ನು ನುಂಗುತ್ತದೆ. ಆದ್ದರಿಂದ ಕೇಳಿಸಲಿಲ್ಲ ಅಂತ ಧೈರ್ಯ ಮಾಡಬಾರದು.

ನನ್ನ ಜೊತೆ ಸದಾ ಒಂದು ಹಳೇ ಎಎಂ ರೇಡಿಯೊ ಇರುತ್ತದೆ. ಮಿಂಚಿನಿಂದ ರೇಡಿಯೊ ಅಲೆಗಳೂ ಹೊರಡುತ್ತವೆ. ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ಇಟ್ಟರೆ ಪ್ರತಿ ಮಿಂಚಿಗೂ ಪಟ್ ಅಂತ ಸದ್ದು. ಹಗಲಿನಲ್ಲಿ ಮಿಂಚು ಕಣ್ಣಿಗೆ ಕಾಣದಾಗ ಇದು ಬಹಳ ಉಪಯೋಗ. ಸದ್ದು ದಟ್ಟವಾಗುತ್ತಾ ಹೋದರೆ ಎಲ್ಲೋ ಮೋಡ ಬಲಿಯುತ್ತಿದೆ ಅಂತಲೇ.

ರೇಡಾರ್ ಚಿತ್ರ ನೋಡಿ, ಆದರೆ ಕಡಲ ಮೇಲಿನ ಮೋಡಕ್ಕೆ ಅದನ್ನೇ ನಂಬಿ ಕೂರಬೇಡಿ. ರೇಡಾರಿನ ಕಿರಣ ದೂರ ಹೋದಂತೆ ಮೇಲೇರುತ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 200 ಕಿಮೀ ದೂರದಲ್ಲಿ ಸುಮಾರು 4 ಕಿಮೀ ಎತ್ತರದಲ್ಲಿರುತ್ತದೆ. ಅದರ ಕೆಳಗೆ ಈಗಷ್ಟೇ ಹುಟ್ಟುತ್ತಿರುವ ಮೋಡ ಅದಕ್ಕೆ ಕಾಣುವುದಿಲ್ಲ. ದೂರದ್ದಕ್ಕೆ ಉಪಗ್ರಹ ಚಿತ್ರ, ಹತ್ತಿರದ್ದಕ್ಕೆ ರೇಡಾರ್, ನಡುವಿನದ್ದಕ್ಕೆ ನಿಮ್ಮ ಕಣ್ಣು.

ಇನ್ನು ಯಾವಾಗ ಹೊರಡಬೇಕು ಅನ್ನುವುದು. ಇದರಲ್ಲಿ ನಾನು ರಾಜಿ ಆಗುವುದೇ ಇಲ್ಲ. ಮೋಡ ಎರಡು ಮುಷ್ಟಿ ಎತ್ತರ ಆಯಿತು, ದಿಕ್ಕು ಬದಲಾಗಿಲ್ಲ ಅಂದ್ರೆ ಸಾಮಾನು ಕಟ್ಟಬೇಕು. ಮೋಡದ ಮೇಲ್ಭಾಗ ಚಪ್ಪಟೆಯಾಗಿ ಹರಡಿಕೊಂಡಿರುತ್ತದಲ್ಲ, ಆನ್ವಿಲ್ ಅನ್ನುತ್ತಾರೆ, ಅದು ಮಳೆಗಿಂತ ಬಹಳ ಮುಂದೆ ಚಾಚಿರುತ್ತದೆ. ಮೋಡದಿಂದ ಪಕ್ಕಕ್ಕೆ ಹಾರಿ, ಮಳೆ ಇಲ್ಲದ ತಿಳಿ ಆಕಾಶದ ಕೆಳಗೂ ಸಿಡಿಲು ಬಡಿಯಬಹುದು. ಮಿಂಚು ಎಷ್ಟು ಉದ್ದ ಹರಿಯಬಹುದು ಗೊತ್ತೇ? 2017ರ ಅಕ್ಟೋಬರ್ 22ರಂದು ಅಮೆರಿಕದ ಟೆಕ್ಸಸ್ ಪೂರ್ವಭಾಗದಿಂದ ಕಾನ್ಸಸ್ ಸಿಟಿ ಹತ್ತಿರದವರೆಗೆ 829 ಕಿಮೀ ಉದ್ದದ ಒಂದೇ ಮಿಂಚು ದಾಖಲಾಗಿದೆ. ವಿಶ್ವ ಹವಾಮಾನ ಸಂಸ್ಥೆ 2025ರಲ್ಲಿ ಅದನ್ನು ದಾಖಲೆ ಅಂತ ಒಪ್ಪಿಕೊಂಡಿತು. ನಮ್ಮ ಮಾಮೂಲಿ ಮೋಡ ಅಷ್ಟು ದೂರ ಹೋಗುವುದಿಲ್ಲ, ಆದರೆ "ಮಳೆ ಇನ್ನೂ ಆಚೆ ಇದೆ" ಅನ್ನುವುದು ಸಮಾಧಾನದ ಮಾತಲ್ಲ.

ಬಯಲಾದ ಮರಳದಂಡೆಯಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಗುಡುಗು ಕಿವಿಗೆ ಬಿತ್ತು ಅಂದ್ರೆ ಸಿಡಿಲು ಬಡಿಯುವ ದೂರದಲ್ಲಿದ್ದೀರಿ. ಗಟ್ಟಿ ಕಟ್ಟಡದೊಳಗೆ ಹೋಗಿ, ಇಲ್ಲಾ ಲೋಹದ ಮುಚ್ಚಿಗೆ ಇರುವ ಕಾರಿನೊಳಗೆ ಕೂತು ಗಾಜು ಏರಿಸಿ. ಕಾರು ಸಾಕು, ಹೌದು. ಆದರೆ ಕಾಪಾಡುವುದು ಟೈರಿನ ರಬ್ಬರ್ ಅಲ್ಲ, ಸುತ್ತಲಿನ ಲೋಹ. ವಿದ್ಯುತ್ತು ಹೊರಮೈ ಮೇಲೆ ಹರಿದು ನೆಲ ಸೇರುತ್ತದೆ. ಮೇಲೆ ತೆರೆದಿರುವ ವಾಹನ, ಬೈಕು, ನಾಲ್ಕು ಕಂಬದ ಮಾಡು, ಮರದ ಬುಡ, ಇವು ಯಾವುವೂ ಆಸರೆ ಅಲ್ಲ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಗೆ ಬರಬೇಡಿ. ಮಳೆ ನಿಂತ ಮೇಲಿನ ಸಿಡಿಲಿಗೆ ಸಿಕ್ಕವರು ಬಹಳ ಜನ.

ಜಾಗ ಆರಿಸುವಾಗ ಕಾರು ನಿಲ್ಲಿಸುವ ಕಡೆಯಿಂದ ನಿಮ್ಮ ಟ್ರೈಪಾಡ್ ವರೆಗೆ ಒಂದು ನಿಮಿಷದ ನಡಿಗೆ ಇದ್ದರೆ ಸಾಕು. ಅದಕ್ಕಿಂತ ದೂರ ಬೇಡವೇ ಬೇಡ. ವಾಪಸ್ ರಸ್ತೆ ನೆಲದ ಕಡೆಗೆ ತೆರೆದಿರಲಿ.

ಶಟರ್‌ಸಾಲು ಉತ್ತರ:

ದಿಗಂತ ಸರ್ ಪೂರ್ತಿ ಹೇಳಿಬಿಟ್ಟಿದ್ದಾರೆ, ನಾನು ಫೋಟೊ ಬಗ್ಗೆ ಮಾತ್ರ ಸೇರಿಸುತ್ತೇನೆ.

ಬೆಳಗಿನ ಜಾವದ ಕಡಲ ಮಿಂಚು ಹೊಸಬರಿಗೆ ಎಲ್ಲಕ್ಕಿಂತ ಸುಲಭ. ಕತ್ತಲು ಇರುತ್ತದೆ, ಮೋಡ ದೂರ ಇರುತ್ತದೆ, ಗಡಿಬಿಡಿ ಇಲ್ಲ. ಫೋಕಸ್ ಮ್ಯಾನುವಲ್‌ನಲ್ಲಿ ಇಡಿ. ದೂರದ ಹಡಗಿನ ದೀಪ ಅಥವಾ ನಕ್ಷತ್ರ ಹಿಡಿದು, ತೆರೆ ಮೇಲೆ ದೊಡ್ಡದು ಮಾಡಿ ಹೊಂದಿಸಿ. ದೂರದ ಮಿಂಚಿಗೆ ಎಫ್ 4 (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಳತೆ), ಐಎಸ್‌ಒ 400 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಳತೆ), ಶಟರ್ 15ರಿಂದ 20 ಸೆಕೆಂಡು ತೆರೆದಿರಲಿ. ಮಿಂಚು ಹತ್ತಿರವಾಗುತ್ತಾ ಬಂದಂತೆ ಎಫ್ 8, ಐಎಸ್‌ಒ 100ಕ್ಕೆ ಇಳಿಯಿರಿ, ಇಲ್ಲದಿದ್ದರೆ ಮಿಂಚಿನ ಗೆರೆ ಬೆಳ್ಳಗೆ ಉರಿದು ದಪ್ಪಗಾಗುತ್ತದೆ. ಮಿಂಚು ಕಂಡ ಮೇಲೆ ಬಟನ್ ಒತ್ತಲು ಹೋಗಬೇಡಿ. ಕ್ಯಾಮೆರಾ ಬಿಡದೆ ಒಂದರ ಹಿಂದೆ ಒಂದು ತೆಗೆಯುತ್ತಲೇ ಇರಲಿ. ಕೇಬಲ್ ರಿಲೀಸ್ (ವೈರಿನ ತುದಿಯಲ್ಲಿರುವ ಶಟರ್ ಬಟನ್) ಲಾಕ್ ಮಾಡಿಟ್ಟರೆ ನೀವು ಕಾರಿನೊಳಗೆ ಕೂರಬಹುದು.

ಮಿಂಚು ಮಿಣಮಿಣ ಅಂತ ನಡುಗಿದ ಹಾಗೆ ಕಾಣುತ್ತದಲ್ವಾ? ಒಂದೇ ದಾರಿಯಲ್ಲಿ ಮೂರು ನಾಲ್ಕು ಸಲ ವಿದ್ಯುತ್ತು ಹರಿಯುವುದರಿಂದ ಹಾಗೆ. ಜೋರು ಗಾಳಿ ಇದ್ದಾಗ ಆ ದಾರಿಯೇ ಪಕ್ಕಕ್ಕೆ ಸರಿದು, ಫೋಟೊದಲ್ಲಿ ಸಮಾನಾಂತರ ಎಳೆಗಳ ರಿಬ್ಬನ್ ಥರ ಸಿಗುತ್ತದೆ. ಅಂಥ ಚಿತ್ರ ಸಿಕ್ಕರೆ ಜೋಪಾನ ಮಾಡಿ.

ಉಪ್ಪಿನ ಹನಿ ಲೆನ್ಸಿನ ಮೇಲೆ ಕಾಣದ ಹಾಗೆ ಕೂರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಒದ್ದೆ ಮಾಡಿ ಉಪ್ಪು ಕರಗಿಸಿ, ಆಮೇಲೆ ಒರೆಸಿ. ಟ್ರೈಪಾಡ್ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದಿಡಿ.

ತೇಲುಮರ ಉತ್ತರ:

ನಾನು ದಡದವನಲ್ಲ, ನೀರಿನ ಮೇಲೆ ಕೆಲಸ ಮಾಡುವವನು. ಎರಡು ವಿಷಯ.

ಒಂದು, ಮಳೆಗಿಂತ ಮೊದಲು ಬರುವ ಗಾಳಿ. ಮೋಡದಿಂದ ಮಳೆಯ ಜೊತೆ ಇಳಿದ ತಣ್ಣನೆ ಗಾಳಿ ನೀರಿಗೆ ಬಡಿದು ಸುತ್ತ ಹರಡುತ್ತದೆ. ಬೀಸುತ್ತಿದ್ದ ಗಾಳಿ ಒಮ್ಮೆಲೇ ನಿಲ್ಲುತ್ತದೆ, ದಿಕ್ಕು ತಿರುಗುತ್ತದೆ, ಮೈ ಜುಮ್ಮೆನ್ನುವಷ್ಟು ತಂಪು. ದೂರದ ನೀರಿನ ಮೇಲೆ ಒಂದು ಕಪ್ಪು ಪಟ್ಟೆ, ಅದರೊಳಗೆ ಬಿಳಿ ನೊರೆ, ಇದು ನಿಮ್ಮ ಕಡೆ ಓಡಿ ಬರುತ್ತಿದ್ದರೆ ಕೆಲವೇ ನಿಮಿಷ ಉಳಿದಿದೆ ಅಂತ ತಿಳಿಯಿರಿ. ಮೇಲೆ ತಗ್ಗಿನಲ್ಲಿ ಕಮಾನಿನಂತೆ ಒಂದು ಮೋಡ ಬಾಗಿರುತ್ತದೆ. ಅದ್ಭುತ ನೋಟ, ಆದರೆ ನೀರಿನ ಅಂಚಿನಲ್ಲಿ, ಬಂಡೆ ಮೇಲೆ ನಿಂತು ನೋಡುವಂಥದ್ದಲ್ಲ. ಗಿಡ್ಡ, ಕಡಿದಾದ ಅಲೆ ತಟ್ಟನೆ ಏಳುತ್ತದೆ.

ಎರಡು, ನೀರಿನ ಸುಂಟರಗಾಳಿ. ಇದು ಗುಡುಗುಮೋಡಕ್ಕೇ ಬರಬೇಕು ಅಂತಿಲ್ಲ, ಸಾಲಾಗಿ ಬೆಳೆಯುತ್ತಿರುವ ಸಾಧಾರಣ ಮೋಡದ ಕೆಳಗೂ ಇಳಿಯುತ್ತದೆ. ಮೊದಲು ನೀರಿನ ಮೇಲೆ ಒಂದು ಗಾಢ ಬಣ್ಣದ ಮಚ್ಚೆ ಕಾಣುತ್ತದೆ, ಆಮೇಲೆ ಸುರುಳಿ, ಆಮೇಲೆ ಹನಿಗಳ ಉಂಗುರ, ಆಮೇಲಷ್ಟೇ ಪೂರ್ತಿ ಕಂಬ. ಕಂಬ ಕಾಣುವ ಹೊತ್ತಿಗೆ ಅರ್ಧ ಆಯುಸ್ಸು ಮುಗಿದಿರುತ್ತದೆ. ದಡದ ಎತ್ತರದ ಜಾಗದಿಂದ ಮಚ್ಚೆ ಹುಡುಕಿ, ನಮಗೆ ದೋಣಿಯಿಂದ ಅದು ಕಾಣುವುದೇ ಇಲ್ಲ.

ಇನ್ನೊಂದು ಮಾತು. ಎದುರಿಗೆ ದೊಡ್ಡ ಹಡಗುಗಳ ದಾರಿ ಇದ್ದರೆ ಗಮನಿಸಿ. ಹಿಂದೂ ಮಹಾಸಾಗರದ ಈಶಾನ್ಯ ಭಾಗದಲ್ಲಿ ಮತ್ತು ದಕ್ಷಿಣ ಚೀನಾ ಸಮುದ್ರದಲ್ಲಿ ಹಡಗುದಾರಿಯ ನೇರ ಮೇಲೆ ಮಿಂಚು ಅಕ್ಕಪಕ್ಕಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಅಂತ 2017ರಲ್ಲಿ ತಿಳಿದುಬಂತು. ಹಡಗಿನ ಇಂಧನದಲ್ಲಿರುವ ಗಂಧಕದಿಂದಾಗುವ ಹೊಗೆಯ ಕಣಗಳು ಮೋಡದೊಳಗೆ ಸೇರಿ ಹನಿಗಳನ್ನು ಸಣ್ಣದಾಗಿಸುತ್ತವೆ. ಸಣ್ಣ ಹನಿ ಮಳೆಯಾಗಿ ಬೀಳದೆ ಮೇಲೇರಿ ಹಿಮವಾಗುತ್ತದೆ, ಹಿಮ ಹಿಮಕ್ಕೆ ತಾಗಿಯೇ ಮಿಂಚಿನ ವಿದ್ಯುತ್ತು ಹುಟ್ಟುವುದು. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕ 3.5 ಪ್ರತಿಶತದಿಂದ 0.5ಕ್ಕೆ ಇಳಿಯಬೇಕು ಅಂತ ನಿಯಮ ಬಂತು. ಆಮೇಲೆ ಸಿಂಗಪುರದ ಹತ್ತಿರದ ದಾರಿಯಲ್ಲಿ ಮಿಂಚು ಸುಮಾರು ಅರ್ಧಕ್ಕೆ ಇಳಿಯಿತು.

ಮರಳುದಂಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಇಂದು ಬೆಳಗಿನ ಜಾವ ಮುಷ್ಟಿ ಹಿಡಿದು ನೋಡಿದೆ. ಮೋಡ ಬೆರಳಿನ ಅಗಲದಷ್ಟೂ ಎತ್ತರ ಇರಲಿಲ್ಲ, ತಳ ಕಾಣಲೇ ಇಲ್ಲ. ಆದರೆ ಒಂದು ದೊಡ್ಡ ಮಿಂಚು ಆದ ಕೂಡಲೇ ಮೋಡದಿಂದ ಬಹಳ ಮೇಲೆ, ಖಾಲಿ ಆಕಾಶದಲ್ಲಿ, ಮಂಕಾದ ಕೆಂಪು ಬೆಳಕು ಒಂದು ಕ್ಷಣ ಹೊಳೆಯಿತು. ಕಣ್ಣಿನ ಭ್ರಮೆ ಇರಬಹುದಾ?

ದಿಗಂತ15:

ಭ್ರಮೆ ಅಂತ ತಳ್ಳಿಹಾಕಬೇಡಿ! ಅದು ಸ್ಪ್ರೈಟ್ ಆಗಿರಬಹುದು. ಬಲವಾದ ಸಿಡಿಲಿನ ಬೆನ್ನಿಗೇ ಮೋಡದ ಮೇಲೆ, 50ರಿಂದ 90 ಕಿಮೀ ಎತ್ತರದಲ್ಲಿ, ಸಾರಜನಕ ಕೆಂಪಗೆ ಹೊಳೆಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಇಂಥ ಬೆಳಕು ನೋಡಿದ್ದೇವೆ ಅಂತ ಪೈಲಟ್‌ಗಳು ಹೇಳುತ್ತಿದ್ದರು, ನಂಬಿದವರು ಕಡಿಮೆ. 1989ರ ಜುಲೈ 6ರಂದು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಬೇರೆ ಕೆಲಸಕ್ಕೆ ಅಂತ ಕ್ಯಾಮೆರಾ ಪರೀಕ್ಷೆ ಮಾಡುವಾಗ ಅದು ಅಕಸ್ಮಾತ್ತಾಗಿ ಸೆರೆ ಸಿಕ್ಕಿತು.

ಅದನ್ನು ನೋಡಲು ಮೋಡ ದೂರವೇ ಇರಬೇಕು, ನಿಮ್ಮ ಎದುರಿನ ಕಡಲಿನಂಥ ಜಾಗ ಬೇಕು. ಮೋಡ 300 ಕಿಮೀ ಆಚೆ ಇದ್ದರೆ ಅದರ ತುದಿ ದಿಗಂತಕ್ಕೆ ಅಂಟಿಕೊಂಡ ಹಾಗಿರುತ್ತದೆ. ಸ್ಪ್ರೈಟ್ ಒಂದು ಮುಷ್ಟಿಯ ಆಸುಪಾಸಿನ ಎತ್ತರದಲ್ಲಿ ಕಾಣುತ್ತದೆ. ನೀವು ಹೇಳಿದ ವಿವರಕ್ಕೆ ಇದು ಹೊಂದುತ್ತದೆ.

ಮುಂದಿನ ಸಲ ಮೋಡ ಹಾಗೆ ತಗ್ಗಿನಲ್ಲಿದ್ದರೆ ಕ್ಯಾಮೆರಾವನ್ನು ಮೋಡಕ್ಕಲ್ಲ, ಅದರ ಒಂದು ಮುಷ್ಟಿ ಮೇಲಕ್ಕೆ ತಿರುಗಿಸಿ. ಲೆನ್ಸ್ ಪೂರ್ತಿ ತೆರೆಯಿರಿ, ಐಎಸ್‌ಒ 3200, ಒಂದೊಂದೇ ಸೆಕೆಂಡಿನ ಚಿತ್ರ ಬಿಡದೆ ತೆಗೆಯಿರಿ. ಹಿನ್ನೆಲೆಯಲ್ಲಿ ನಕ್ಷತ್ರ ಬಂದರೆ ಒಳ್ಳೆಯದು, ಎತ್ತರ ಅಳೆಯಲು ಬೇಕಾಗುತ್ತದೆ. ಚಿತ್ರದ ಜೊತೆ ಕಂಪಾಸ್ ದಿಕ್ಕು ಮತ್ತು ಸೆಕೆಂಡಿನ ಸಮೇತ ಟೈಮ್ ಇಲ್ಲಿ ಹಾಕಿ. ಆ ಹೊತ್ತಿನ ಉಪಗ್ರಹ ಚಿತ್ರ ನಾನು ತೆಗೆದಿಡುತ್ತೇನೆ. ಮೋಡ ಎಷ್ಟು ದೂರ ಇತ್ತು ಅಂತ ಗೊತ್ತಾದರೆ ಬೆಳಕಿನ ಎತ್ತರ ಲೆಕ್ಕ ಹಾಕಬಹುದು. 50 ಕಿಮೀ ಮೇಲೆ ಬಂತು ಅಂದ್ರೆ ಸ್ಪ್ರೈಟ್ ಅಂತ ಧೈರ್ಯವಾಗಿ ಬರೆದುಕೊಳ್ಳಿ.